ಕಸೂತಿ: ಮನೆಯೊಳಗಿನ ಒಂದು ವಿದ್ಯಾಪರಂಪರೆ

ನಾಡಿನ ಚರಿತ್ರೆಯನ್ನು ಬರೆಯುವವರು ಶಾಸನ, ನಾಣ್ಯ, ದೇವಾಲಯಗಳನ್ನು ಶೋಧಿಸುವರು. ತಾಯಿಯಿಂದ ಮಗಳಿಗೆ ಇಳಿದುಬಂದ ಗೃಹವಿದ್ಯೆಗಳತ್ತ ಅವರ ದೃಷ್ಟಿ ಹೊರಳುವುದು ವಿರಳ. ಸೂಜಿಯ ವಿದ್ಯೆಯು ಅಂಥವುಗಳಲ್ಲೊಂದು. ಮನೆಯಲ್ಲಿ ಮಕ್ಕಳಿಗೆ ಹೊಲಿಗೆ ಕಲಿಸುವ ವಾಡಿಕೆಯು ಒಂದು ಕಲೆಯನ್ನೇ ಕಾಪಾಡಬಲ್ಲುದೆಂಬುದಕ್ಕೆ ಧಾರವಾಡ ಸೀಮೆಯ ಕಸೂತಿಯು ಸಾಕ್ಷಿಯಾಗಿದೆ.

ಕನ್ನಡ ನಾಡಿನಲ್ಲಿ ಹೊಲಿಗೆಯು ಹಳೆಯ ಕಸುಬು. ೧೨ನೆಯ ಶತಮಾನದ ವಚನಕಾರರಲ್ಲಿ ಸೂಜಿಕಾಯಕದ ರಾಮಿತಂದೆಯೂ ಒಬ್ಬನು. ಅವನ ಹೆಸರೇ ಅವನ ವೃತ್ತಿಯನ್ನು ಸಾರುತ್ತದೆ. ಆದರೆ ಸಿಂಪಿಗನ ಸೂಜಿಯು ಜೀವನೋಪಾಯದ್ದು. ಗೃಹಿಣಿಯ ಸೂಜಿಗೆ ಕೂಲಿಯಿರಲಿಲ್ಲ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿ ಕೌದಿಯನ್ನು ಸಿದ್ಧಪಡಿಸುವುದೂ, ಸೀರೆಯ ಮೇಲೆ ಕಸೂತಿ ತೆಗೆಯುವುದೂ ಅವಳ ಕೆಲಸಗಳಾಗಿದ್ದವು.

‘ಕೈ’ ಮತ್ತು ‘ಸೂತಿ’ ಎಂಬ ಮಾತುಗಳು ಕೂಡಿ ‘ಕಸೂತಿ’ ಆಯಿತೆಂದು ಹೇಳುವುದುಂಟು. ಮದುಮಗಳ ಕಪ್ಪು ಚಂದ್ರಕಳಿ ಸೀರೆ, ಇಳಕಲ್ಲ ಸೀರೆಯ ಸೆರಗು, ಕೂಸಿನ ಕುಂಚಿಗೆ ಇವುಗಳ ಮೇಲೆ ಗೋಪುರ, ತೇರು, ಆನೆ, ನವಿಲು, ತುಳಸಿಯ ವೃಂದಾವನಗಳು ಮೂಡುತ್ತಿದ್ದವು. ಇದರಲ್ಲಿ ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಬಟ್ಟೆಯ ಮೇಲೆ ಚಿತ್ರವನ್ನು ಮೊದಲೇ ಬರೆದುಕೊಳ್ಳುವ ಪದ್ಧತಿ ಇಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿಯನ್ನು ಚುಚ್ಚಬೇಕು. ನೂಲಿನ ತುದಿಗೆ ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಸೂಜಿಯು ಒಂದೊಂದು ಮನೆ ಬಿಟ್ಟು ಮುಂದೆ ಸಾಗಿ, ಬಿಟ್ಟ ಮನೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಆದ್ದರಿಂದ ಬಟ್ಟೆಯ ಎರಡು ಮಗ್ಗುಲಲ್ಲಿಯೂ ಚಿತ್ರವು ಒಂದೇ ರೀತಿಯಾಗಿ ಕಾಣುವುದು.

ಇಂಥ ಕೆಲಸವನ್ನು ಮಾತಿನಿಂದ ಬೋಧಿಸುವುದು ಕಷ್ಟ. ಮಗ್ಗುಲಲ್ಲಿ ಕುಳಿತು ನೋಡಿಯೇ ಕಲಿಯಬೇಕು. ಕೌದಿಯ ಸಾಲುಹೊಲಿಗೆ ಬಲ್ಲ ಮಗುವಿಗೆ ಗವಂತಿಯ ಅರ್ಧಭಾಗವು ಆಗಲೇ ಕೈವಶವಾದಂತೆ. ಉಳಿದರ್ಧವು ಎಣಿಕೆ ಮತ್ತು ಮುಂದಾಲೋಚನೆ. ಹೊರಡುವ ಮೊದಲೇ ಮರಳುವ ದಾರಿಯನ್ನು ನಿಶ್ಚಯಿಸಿಕೊಳ್ಳದವರಿಗೆ ಚಿತ್ರವು ಕೂಡುವುದಿಲ್ಲ. ಒಂದೇ ಎಳೆ ತಪ್ಪಿದರೂ ಗೋಪುರವು ವಾಲುವುದು. ಬಿಚ್ಚಿ ಮತ್ತೆ ಹೊಲಿಯುವುದೊಂದೇ ಉಪಾಯ. ಹೀಗೆ ಲೆಕ್ಕ, ತಾಳ್ಮೆ, ಕಾಣದ ಮಗ್ಗುಲನ್ನೂ ಒಪ್ಪವಾಗಿಡುವ ಶೀಲ, ಇವು ಬೇರೆ ಉಪದೇಶವಿಲ್ಲದೆ ಅಭ್ಯಾಸವಾಗುತ್ತಿದ್ದವು.

ಅಮೆರಿಕದ ಐಸಾಕ್ ಸಿಂಗರನು ೧೮೫೧ರಲ್ಲಿ ತನ್ನ ಹೊಲಿಗೆಯಂತ್ರಕ್ಕೆ ಪೇಟೆಂಟ್ ಪಡೆದನು. ಕಾಲಕ್ರಮದಲ್ಲಿ ಅಂಥ ಯಂತ್ರಗಳು ಭಾರತದ ಮನೆಗಳಿಗೂ ಬಂದವು. ಸಿದ್ಧ ಉಡುಪುಗಳು ಅಂಗಡಿಗಳನ್ನು ತುಂಬಿದವು. ಯಂತ್ರದಿಂದ ಶ್ರಮವು ಹಗುರಾದುದು ನಿಜ; ಆದರೆ ಮಗುವಿನ ಕೈಗೆ ಸೂಜಿಯನ್ನು ಕೊಡುವ ಸಂದರ್ಭಗಳೂ ಅದರೊಂದಿಗೆ ವಿರಳವಾದವು. ಕಸೂತಿಗೆ ೨೦೦೬ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರಿಂದ ಹೆಸರಿಗೆ ಕಾನೂನಿನ ರಕ್ಷಣೆ ಬಂದಿತು; ಕೈಯ ಅಭ್ಯಾಸಕ್ಕೆ ಕಾನೂನು ರಕ್ಷಣೆ ಕೊಡಲಾರದು.

ಹಿಂದೆ ಈ ವಿದ್ಯೆಯನ್ನು ಹೆಣ್ಣುಮಕ್ಕಳ ಪಾಲಿಗಷ್ಟೇ ಮೀಸಲಾಗಿರಿಸಿದುದು ಆ ಪರಂಪರೆಯ ಕೊರತೆಯೇ ಸರಿ. ಹರಿದ ಅಂಗಿ, ಕಳಚಿದ ಗುಂಡಿ ಹುಡುಗ ಹುಡುಗಿಯೆಂಬ ಭೇದವನ್ನು ಅರಿಯವು. ಮನೆಯವರು ದಿನಕ್ಕೆ ಅರ್ಧ ತಾಸನ್ನು ಇದಕ್ಕಾಗಿ ಮೀಸಲಿಟ್ಟು ಮಕ್ಕಳೆಲ್ಲರಿಗೂ ಕಲಿಸಿದರೆ, ಉಪಯೋಗಕ್ಕೆ ಉಪಯೋಗವೂ ಆಗುವುದು, ಹಿರಿಯರ ವಿದ್ಯೆಯೂ ಉಳಿಯುವುದು.