ಭಾಗ 3: ಎರಡು ಕೋವಿಗೆ ಒಂದೇ ತೋಟಾ

ಕೌಬಾಯ್ ಸಿನಿಮಾಗಳಲ್ಲಿ ಟ್ರಿಗರ್ ಸುತ್ತಲಿನ ಲಿವರನ್ನ ಕೆಳಗೆ ತಳ್ಳಿ, ವಾಪಸ್ ಎಳೆದು ಮತ್ತೆ ಮತ್ತೆ ಗುಂಡು ಹೊಡೀತಾರಲ್ಲ, ಆ ಥರದ ಕೋವಿಗಳಲ್ಲಿ ದೊಡ್ಡ ಹೆಸರು ವಿಂಚೆಸ್ಟರ್ 1873. 7 ಲಕ್ಷಕ್ಕೂ ಹೆಚ್ಚು ತಯಾರಾದವು. ನನ್ನ ಪ್ರಕಾರ ಅದನ್ನ ಗೆಲ್ಲಿಸಿದ್ದು .44-40 ಅನ್ನೋ ತೋಟಾ.

ಹಿಂದಿನ 1866ರ ಮಾಡೆಲ್‌ನ ತೋಟಾ ಒಮ್ಮೆ ಹೊಡೆದರೆ ಮುಗೀತು, ಎಸೀಬೇಕು. ಇದರಲ್ಲಿ ಕೇಪು ತಳದ ನಡುವೆ ಇತ್ತು. ಖಾಲಿ ಹಿತ್ತಾಳೆ ಕೊಳವೆ ಎತ್ತಿಟ್ಟುಕೊಂಡು, ಹೊಸ ಕೇಪು ಕೂರಿಸಿ, 40 ಗ್ರೇನ್, ಅಂದ್ರೆ ಸುಮಾರು ಎರಡೂವರೆ ಗ್ರಾಂ ಕರಿಮದ್ದು ತುಂಬಿ, ಸೀಸದ ಗುಂಡು ಸಿಕ್ಕಿಸಿದರೆ ಮತ್ತೆ ರೆಡಿ. ಅಂಗಡಿಗೆ ದಿನಗಟ್ಟಲೆ ದಾರಿ ಇರೋ ಅಮೆರಿಕದ ಪಶ್ಚಿಮದಲ್ಲಿ ಇದೇನು ಸಣ್ಣ ವಿಷಯವೇ? 1878ರಲ್ಲಿ ಕೋಲ್ಟ್ ಕಂಪನಿ ಇದೇ ತೋಟಾ ಹಿಡಿಸೋ ರಿವಾಲ್ವರ್ ತಂತು. ಸೊಂಟಕ್ಕೂ ಜೀನಿಗೂ ಒಂದೇ ಡಬ್ಬಿ! (ಬಿಕಾಂ ಬುದ್ಧಿ: ಸ್ಟಾಕ್‌ನಲ್ಲಿ ಒಂದೇ ಐಟಂ 😅)

ಆದ್ರೆ ಬೇಟೆಗೆ? ಹತ್ತಿರದ ಜಿಂಕೆಗೆ ಸಾಕು. ಬೈಸನ್ನೋ ಗ್ರಿಜ್ಲಿ ಕರಡಿಯೋ ಎದುರಾದ್ರೆ, ಗಾಯಗೊಂಡು ಓಡುತ್ತೆ, ಇಲ್ಲಾಂದ್ರೆ ಮೈಮೇಲೇ ಬರುತ್ತೆ. ಉದ್ದದ ತೋಟಾ ಹಾಕೋಣ ಅಂದ್ರೆ 1873ರ ಹೊಟ್ಟೆಯಲ್ಲಿ ಜಾಗ ಇಲ್ಲ. ಅದಕ್ಕೇ ಕಂಪನಿ 1876ರ ದೊಡ್ಡ ಮಾಡೆಲನ್ನ .45-75 ತೋಟಾ ಜೊತೆ ತಂದಿದ್ದು. ಮುಂದೆ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ ಡಕೋಟಾದಲ್ಲಿ ಬೇಟೆಗೆ ಹಿಡಿದಿದ್ದೂ ಅದನ್ನೇ. ಅದನ್ನ ಕೊಂಡವರು ಸೊಂಟದ ರಿವಾಲ್ವರ್‌ಗೆ ಮಾತ್ರ ಬೇರೆ ಡಬ್ಬಿ ಹೊರಬೇಕಾಯ್ತು.