ಅತ್ತೆಯ ಉಂಗುರದ ಕೆಂಪು ಕಲ್ಲು

ಕಳೆದ ತಿಂಗಳು ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಫೋನು ಮಾಡಿ, "ದೊಡ್ಡಪ್ಪ, ನಿಶ್ಚಿತಾರ್ಥಕ್ಕೆ ಒಂದು ಉಂಗುರ ಮಾಡಿಸಬೇಕೆಂದಿದ್ದೇನೆ. ವಜ್ರ ಬೇಡ, ಬಣ್ಣದ ಹರಳು ಇರಲಿ ಎಂದು ಆಸೆ. ಒಳ್ಳೆಯ ಹರಳನ್ನು ಆರಿಸುವುದು ಹೇಗೆ?" ಎಂದು ಕೇಳಿದಳು. ಜೀವಮಾನವೆಲ್ಲ ಸಮಾಜ ಪಾಠ ಹೇಳಿದವನಿಗೆ ಇದು ಹೊರಗಿನ ಪ್ರಶ್ನೆ ಎಂದು ಮೊದಲು ಅನಿಸಿತು. ಆದರೆ ಯೋಚಿಸುತ್ತ ಹೋದಂತೆ, ಇದಕ್ಕೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ ಎಂಬುದು ನೆನಪಾಯಿತು. ಅದಕ್ಕಿಂತ ಹೆಚ್ಚಾಗಿ ನೆನಪಾದದ್ದು ನಮ್ಮ ಮನೆಯದೇ ಒಂದು ಕೆಂಪು ಕಲ್ಲಿನ ಉಂಗುರ. ಬಂಧುಗಳಲ್ಲಿ ಹಿರಿಯರಿಗೆ ಅದರ ವಿಷಯ ಗೊತ್ತು. ಆದರೆ ಗೊತ್ತಿರುವುದು ಅರ್ಧ ಮಾತ್ರ. ಉಳಿದ ಅರ್ಧವನ್ನು ಹೇಳುವುದಕ್ಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇತಿಹಾಸ. ರತ್ನಗಳನ್ನು ಪರೀಕ್ಷಿಸುವುದು ನಮ್ಮ ದೇಶದಲ್ಲಿ ಒಂದು ಶಾಸ್ತ್ರವೇ ಆಗಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ರಾಜನ ಬೊಕ್ಕಸಕ್ಕೆ ಸೇರಿಸುವ ಮುನ್ನ ರತ್ನಗಳನ್ನು ಹೇಗೆ ಪರೀಕ್ಷಿಸಬೇಕೆಂಬುದಕ್ಕೆ ಒಂದು ಅಧ್ಯಾಯವೇ ಇದೆ. ಈ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಗುರುತಿಸಿ, 1909ರಲ್ಲಿ ಪ್ರಕಟಿಸಿ ಲೋಕಕ್ಕೆ ಕೊಟ್ಟವರು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಎಂಬುದನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಗಾಢವಾದ ಬಣ್ಣ, ನೈರ್ಮಲ್ಯ, ನುಣುಪು, ತೂಕ, ಒಳಗಿನಿಂದಲೇ ಹೊಮ್ಮುವ ಬೆಳಕು, ಇವು ಒಳ್ಳೆಯ ಮಣಿಯ ಗುಣಗಳೆಂದು ಅಲ್ಲಿ ಎಣಿಸಲಾಗಿದೆ. ಮಂಕು ಬಣ್ಣ, ಮಂಕು ಕಾಂತಿ, ಒಳಗೆ ಮರಳಿನಂಥ ಕಣಗಳು, ತೂತು, ಮುಕ್ಕು, ಗೀರು, ಇವು ದೋಷಗಳು. ಇಂದಿಗೂ ಹರಳು ಕೊಳ್ಳುವವರು ನೋಡಬೇಕಾದ ಪಟ್ಟಿ ಹೆಚ್ಚುಕಡಿಮೆ ಇದೇ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಪದ್ಮರಾಗ, ಮರಕತ ಎಂಬ ನಾಲ್ಕು ರತ್ನಗಳ ಪರೀಕ್ಷೆಯನ್ನು ಹೇಳಿದ್ದಾನೆ. ನಮ್ಮ ನಾಡಿನ ಅರಸನೊಬ್ಬನೂ ಇದರಲ್ಲಿ ಕೈಯಾಡಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ, ಅಡುಗೆ, ಆನೆ, ಸಂಗೀತ ಮೊದಲಾದವುಗಳ ಜೊತೆಗೆ ರತ್ನಗಳ ವಿಚಾರವೂ ಬರುತ್ತದೆ. ಬೊಕ್ಕಸವೆಂದರೆ ಬರಿಯ ಚಿನ್ನವಲ್ಲ. ಅದರೊಳಗಿನ ಕಲ್ಲುಗಳ ಸತ್ಯಾಸತ್ಯತೆಯನ್ನೂ ಅರಸನು ತಿಳಿದಿರಬೇಕು ಎಂಬುದು ಆ ಕಾಲದ ಭಾವನೆ.

ವಿಜಯನಗರದ ಕಾಲಕ್ಕೆ ಬಂದರೆ, 1443ರಲ್ಲಿ ಅಲ್ಲಿಗೆ ಬಂದ ಪಾರಸಿ ರಾಯಭಾರಿ ಅಬ್ದುರ್ ರಜಾಕನು ಮಾಣಿಕ್ಯ, ಮುತ್ತು, ವಜ್ರ, ಪಚ್ಚೆಗಳನ್ನು ಬಜಾರಿನಲ್ಲಿ ಬಹಿರಂಗವಾಗಿ ಮಾರುತ್ತಿದ್ದರೆಂದು ಬರೆದಿದ್ದಾನೆ. ಈ ಕೆಂಪುಗಳು ಹೆಚ್ಚಾಗಿ ಬರುತ್ತಿದ್ದುದು ಸಮುದ್ರದಾಚೆಯಿಂದ, ಬರ್ಮಾದ ಪೆಗು ಮತ್ತು ಸಿಂಹಳಗಳಿಂದ. ಹದಿನಾರನೆಯ ಶತಮಾನದ ಆರಂಭದಲ್ಲಿ ನಮ್ಮ ಮಂಗಳೂರು ಬಂದರನ್ನೂ ವರ್ಣಿಸಿರುವ ಪೋರ್ಚುಗೀಸ್ ಬರಹಗಾರ ದುಆರ್ತೆ ಬಾರ್ಬೋಸನು ಪೆಗುವಿನ ಮಾಣಿಕ್ಯಗಳಿಗೆ ಕಲ್ಲಿಕೋಟೆಯಲ್ಲಿದ್ದ ಬೆಲೆಗಳನ್ನು ಕೊಟ್ಟಿದ್ದಾನೆ. ಅವನು ಹೇಳುವ ಒಂದು ವಿಷಯ ಕುತೂಹಲಕರ: ಇಲ್ಲಿಯ ಜನ ಮಾಣಿಕ್ಯವನ್ನು ನಾಲಿಗೆಗೆ ಮುಟ್ಟಿಸಿ ನೋಡುತ್ತಿದ್ದರಂತೆ, ಹೆಚ್ಚು ತಣ್ಣಗಿರುವುದು ಉತ್ತಮ ಎಂದು ತಿಳಿಯುತ್ತಿದ್ದರಂತೆ. ಇದು ಮೂಢನಂಬಿಕೆಯಲ್ಲ. ಮಾಣಿಕ್ಯವು ಗಾಜಿಗಿಂತ ವೇಗವಾಗಿ ಶಾಖವನ್ನು ಸೆಳೆದುಕೊಳ್ಳುವುದರಿಂದ ನಾಲಿಗೆಗೆ ಹೆಚ್ಚು ತಂಪೆನಿಸುತ್ತದೆ. ಗಾಜನ್ನು ಬೇರ್ಪಡಿಸಲು ಇದು ಸಾಕು.

ಆದರೆ ಗಾಜಲ್ಲದ ಬೇರೆ ಕೆಂಪು ಕಲ್ಲುಗಳೂ ಇವೆಯಲ್ಲ! ಮಾಣಿಕ್ಯ ಮತ್ತು ನೀಲ ಇವೆರಡೂ ಒಂದೇ ಖನಿಜದ ಎರಡು ಬಣ್ಣಗಳು. ಆ ಖನಿಜಕ್ಕೆ ಇಂಗ್ಲಿಷಿನಲ್ಲಿ ಕೊರಂಡಮ್ ಎನ್ನುತ್ತಾರೆ. ಆ ಹೆಸರು ನಮ್ಮ ದಕ್ಷಿಣದ ಕುರುಂದ ಎಂಬ ಮಾತಿನಿಂದಲೇ ಹೋದದ್ದು. ಇದೇ ಕುರುಂದದ ಪುಡಿಯನ್ನು ಅರಗಿನೊಡನೆ ಕಲಸಿ ಸಾಣೆಚಕ್ರ ಮಾಡುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿಯೂ ಇದು ದೊರೆಯುತ್ತದೆ. ಆದರೆ ಅದರಲ್ಲಿ ಬಹುಪಾಲು ಬೆಳಕು ಹಾಯದ ಮಸುಕು ಕಲ್ಲು. ಸುಬ್ರಹ್ಮಣ್ಯದ ಕಡೆಯ ಘಟ್ಟದಲ್ಲಿ, ಕೊಡಗಿನ ಕಾಡಿನಲ್ಲಿ ಕದ್ದು ಹರಳುಕಲ್ಲು ಅಗೆದವರ ಸುದ್ದಿಯನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಕೆಂಪಾಗಿ ಕಂಡದ್ದೆಲ್ಲ ಮಾಣಿಕ್ಯವಲ್ಲ.

ಇದರಲ್ಲಿ ಚಕ್ರವರ್ತಿಗಳೇ ಮೋಸಹೋಗಿದ್ದಾರೆ. ಬ್ರಿಟಿಷ್ ಕಿರೀಟದಲ್ಲಿರುವ 'ಕಪ್ಪು ರಾಜಕುಮಾರನ ಮಾಣಿಕ್ಯ', ಮೊಗಲ್ ಬಾದಶಹರ ಹೆಸರುಗಳನ್ನು ಕೆತ್ತಿದ 'ತೈಮೂರ್ ಮಾಣಿಕ್ಯ', ಇವೆರಡೂ ಮಾಣಿಕ್ಯಗಳೇ ಅಲ್ಲ. ಸ್ಪಿನೆಲ್ ಎಂಬ ಬೇರೆ ಖನಿಜ. ಇವೆರಡೂ ಬೇರೆಬೇರೆ ಎಂದು 1783ರಲ್ಲಿ ಫ್ರಾನ್ಸಿನ ರೋಮೆ ದ ಲಿಲ್ ಎಂಬ ವಿದ್ವಾಂಸನು ತೋರಿಸಿಕೊಡುವವರೆಗೆ ಅನೇಕ ರಾಜರಿಗೂ ವರ್ತಕರಿಗೂ ಎರಡೂ ಒಂದೇ ಆಗಿದ್ದವು. ಯಾರೂ ಸುಳ್ಳು ಹೇಳಿರಲಿಲ್ಲ. ಅವರಿಗೆ ನಿಜ ಗೊತ್ತಿರಲಿಲ್ಲ, ಅಷ್ಟೆ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಥೆ ಇನ್ನಷ್ಟು ತೊಡಕಾಯಿತು. ಬ್ರಿಟಿಷರು ಮೇಲಿನ ಬರ್ಮಾವನ್ನು ವಶಪಡಿಸಿಕೊಂಡ ಮೇಲೆ, 1889ರಲ್ಲಿ ಮೊಗೊಕ್‌ನ ಗಣಿಗಳನ್ನು ಬರ್ಮಾ ರೂಬಿ ಮೈನ್ಸ್ ಎಂಬ ಕಂಪೆನಿ ಗುತ್ತಿಗೆಗೆ ಪಡೆಯಿತು. ಆಮೇಲೆ 1902ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಒಗ್ಯುಸ್ತ್ ವೆರ್ನೆಯ್ ತನ್ನ ಕೃತಕ ಮಾಣಿಕ್ಯದ ವಿಧಾನವನ್ನು ಪ್ರಕಟಿಸಿದನು. ಶುದ್ಧ ಅಲ್ಯುಮಿನಾದ ನುಣ್ಣನೆಯ ಪುಡಿಗೆ ತುಸು ಕ್ರೋಮಿಯಂ ಬೆರೆಸಿ, 2000 ಡಿಗ್ರಿಗೂ ಮಿಕ್ಕಿದ ಶಾಖದ ಜ್ವಾಲೆಯ ಮೂಲಕ ಕೆಳಕ್ಕೆ ಉದುರಿಸುವುದು. ಕರಗಿದ ಹನಿ ಹನಿಯ ಮೇಲೆ ಕೂತು, ಕೆಲವೇ ಗಂಟೆಗಳಲ್ಲಿ ಬೆರಳುದ್ದದ ಕೆಂಪು ಹರಳು ಬೆಳೆಯುವುದು. ಅದು ಗಾಜಲ್ಲ, ರಸಾಯನದಲ್ಲಿ, ಗಡಸಿನಲ್ಲಿ, ತೂಕದಲ್ಲಿ ಅದೂ ಮಾಣಿಕ್ಯವೇ. ನಾಲಿಗೆಗೆ ಮುಟ್ಟಿಸಿದರೂ ತಣ್ಣಗೇ ಇರುತ್ತದೆ! ಎರಡು ಸಾವಿರ ವರ್ಷಗಳ ಪರೀಕ್ಷೆಗಳೆಲ್ಲ ಅದರ ಮುಂದೆ ಸೋತವು. ಇಂಥ ಕಲ್ಲುಗಳು ಲೋಕದ ಮಾರುಕಟ್ಟೆಗಳನ್ನೆಲ್ಲ ತುಂಬಿದವು. ಬರ್ಮಾದ ಆ ಕಂಪೆನಿ 1925ರಲ್ಲಿ ದಿವಾಳಿಯಾದುದಕ್ಕೆ ಇದೂ ಒಂದು ಕಾರಣ.

ಇನ್ನು ನಮ್ಮ ಮನೆಯ ಕಥೆ. 1930ರ ದಶಕದಲ್ಲಿ ನನ್ನ ಅಜ್ಜ, ಅಡಿಕೆಗೆ ಒಳ್ಳೆಯ ಧಾರಣೆ ಬಂದ ಒಂದು ವರ್ಷ, ಊರೂರು ತಿರುಗುವ ವರ್ತಕನೊಬ್ಬನಿಂದ ಒಂದು ಕೆಂಪು ಕಲ್ಲನ್ನು ಕೊಂಡು ಅಜ್ಜಿಗೆ ಉಂಗುರ ಮಾಡಿಸಿದರು. "ಬರ್ಮಾದ ಕೆಂಪು" ಎಂಬ ಹೆಸರು ಆ ದಿನದಿಂದಲೇ ಅದಕ್ಕೆ ಅಂಟಿತು. ಆ ಕಾಲದ ಪದ್ಧತಿಯಂತೆ ಉಂಗುರದ ಹಿಂಬದಿ ಮುಚ್ಚಿತ್ತು. ಕಲ್ಲಿನಡಿಯಲ್ಲಿ ಹೊಳೆಯುವ ತಗಡು. ಈಶ್ವರಮಂಗಲದ ಜಾತ್ರೆಗೆ ಅಜ್ಜಿ ಅದನ್ನು ಹಾಕಿಕೊಂಡು ಹೊರಟರೆ ದೀವಟಿಗೆಯ ಬೆಳಕಿನಲ್ಲಿ ಕೆಂಡದಂತೆ ಕಾಣುತ್ತಿತ್ತೆಂದು ಹೇಳುವವರಿದ್ದರು.

1972ರಲ್ಲಿ ಮನೆ ಪಾಲಾಯಿತು. ತೋಟ, ಗದ್ದೆ ಗಂಡುಮಕ್ಕಳಿಗೆ ಹಂಚಿಹೋದವು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡುವ ಕಾನೂನು ಕರ್ನಾಟಕದಲ್ಲಿ ಜಾರಿಗೆ ಬಂದದ್ದು 1994ರಲ್ಲಿ. ಆದರೂ ತಂಗಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ನನ್ನ ತಂದೆ ಹಟ ಹಿಡಿದರು. ಅತ್ತೆಗೆ ಅರ್ಧ ಎಕರೆ ತೋಟ ಕೊಡಬೇಕೆಂಬ ಮಾತಿತ್ತು, ಪಂಚಾಯಿತಿಗೆ ಕೂತ ಹಿರಿಯರು, "ತೋಟ ಒಡೆಯುವುದೇಕೆ? ಅದರ ಬದಲು ಬರ್ಮಾದ ಕೆಂಪು ಅವಳಿಗಿರಲಿ, ಅದರ ಬೆಲೆ ಅರ್ಧ ಎಕರೆಗೆ ಮಿಕ್ಕಿದ್ದು" ಎಂದರು. ಎಲ್ಲರೂ ಒಪ್ಪಿದರು. ಅನಂತರದ ವರ್ಷಗಳಲ್ಲಿ ಮದುವೆ ಮುಂಜಿಗಳಲ್ಲಿ, "ಮನೆಯ ಮಾಣಿಕ್ಯ ನಿನಗೇ ಹೋಯಿತಲ್ಲ" ಎಂದು ಅತ್ತೆಯನ್ನು ಕೆಣಕುವುದು ಒಂದು ರೂಢಿಯೇ ಆಯಿತು. ಅವಳು ನಗುತ್ತಿದ್ದಳು. ಚಿಕ್ಕವರಾಗಿದ್ದ ನಾವೂ ಅದನ್ನೇ ಹೇಳಿದ್ದೇವೆ.

ನಾನು ನಿವೃತ್ತನಾದ ವರ್ಷ, 2018ರಲ್ಲಿ, ಅತ್ತೆ ಒಂದು ದಿನ ಹತ್ತಿರ ಕೂರಿಸಿಕೊಂಡು ನಿಜವನ್ನು ಹೇಳಿದಳು. 1983ರಲ್ಲಿ ಮಗಳ ಕಾಯಿಲೆಗೆ ಹಣ ಬೇಕಾಗಿ ಆ ಉಂಗುರವನ್ನು ಅಡವಿಡಲು ಹೋಗಿದ್ದಳಂತೆ. ಚಿನಿವಾರರು ಹಿಂಬದಿಯ ತಗಡು ಬಿಡಿಸಿ, ಕಣ್ಣಿಗೆ ಮಸೂರ ಹಿಡಿದು ಬಹಳ ಹೊತ್ತು ನೋಡಿ, "ಅಮ್ಮಾ, ಇದು ಮಾಡಿದ ಕಲ್ಲು. ಚಿನ್ನಕ್ಕೆ ಮಾತ್ರ ಬೆಲೆ ಕಟ್ಟಬಹುದು" ಎಂದರಂತೆ. ಅತ್ತೆ ಆ ಮಾತನ್ನು ಮೂವತ್ತೈದು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಳು. ಯಾಕೆ ಎಂದು ಕೇಳಿದೆ. "ಅಣ್ಣ ತಿಳಿದು ಕೊಟ್ಟದ್ದಲ್ಲ. ಅಪ್ಪ ತಿಳಿದು ಕೊಂಡದ್ದೂ ಅಲ್ಲ. ನಿಜ ಹೇಳಿದರೆ ಅಣ್ಣ ತೋಟ ಕೊಡಲು ಬರುತ್ತಿದ್ದ, ನೀವು ಓದುತ್ತಿದ್ದ ಮಕ್ಕಳು" ಎಂದಳು. ಆ ಅರ್ಧ ಎಕರೆಯ ಅಡಿಕೆಯಲ್ಲಿಯೇ ನಾನು ಬಿ.ಎಡ್. ಓದಿದ್ದು. ಅತ್ತೆ 2021ರಲ್ಲಿ ತೀರಿಕೊಂಡಳು.

ತಮ್ಮನ ಮಗಳು ಹರಳಿನ ವಿಚಾರ ಎತ್ತಿದಾಗ ಇದನ್ನೆಲ್ಲ ಅವಳಿಗೆ ಹೇಳಿದೆ. ಅತ್ತೆಯ ಮಗಳ ಒಪ್ಪಿಗೆ ಪಡೆದು ಕಲ್ಲನ್ನು ಬೆಂಗಳೂರಿನ ಒಂದು ರತ್ನಪರೀಕ್ಷಾ ಪ್ರಯೋಗಾಲಯಕ್ಕೆ ಕೊಟ್ಟೆವು. ಚಿನಿವಾರರು ಹೇಳಿದ್ದು ನಿಜವಾಗಿತ್ತು. ನೆಲದಲ್ಲಿ ಬೆಳೆದ ಮಾಣಿಕ್ಯದೊಳಗೆ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ, ರೇಷ್ಮೆ ಎಳೆಯಂಥ ಸೂಕ್ಷ್ಮ ಸೂಜಿಗಳೂ ಇರಬಹುದು. ವೆರ್ನೆಯ್ ವಿಧಾನದ ಕಲ್ಲಿನಲ್ಲಿ ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ, ಗಾಳಿಯ ಗುಳ್ಳೆಗಳಿರುತ್ತವೆ. ನಮ್ಮ ಕಲ್ಲಿನಲ್ಲಿ ಇದ್ದದ್ದು ಬಾಗಿದ ಗೆರೆ.

ಈಗ ಮಗಳ ಪ್ರಶ್ನೆಗೆ ಉತ್ತರ. ನಾನು ಓದಿ ಕೇಳಿ ತಿಳಿದದ್ದನ್ನು ಇತರರಿಗೂ ಉಪಯೋಗವಾದೀತೆಂದು ಬರೆಯುತ್ತೇನೆ.

ಹರಳಿಗೆ ಬಣ್ಣವೇ ಮೊದಲ ಗುಣ. ಅಂಗಡಿಯ ದೀಪದಡಿಯಲ್ಲಿ ನೋಡಿ ಮರುಳಾಗಬಾರದು. ಕಿಟಕಿಯ ಬಳಿ ಹಗಲಿನ ಬೆಳಕಿನಲ್ಲಿ ಒಮ್ಮೆ, ಸಂಜೆ ಮನೆಯ ದೀಪದಲ್ಲಿ ಒಮ್ಮೆ ನೋಡಬೇಕು. ಕಪ್ಪಾಗುವಷ್ಟು ಗಾಢವೂ ಬೇಡ, ನೀರಾಗುವಷ್ಟು ತೆಳುವೂ ಬೇಡ.

ಎರಡನೆಯದು ಗಡಸುತನ. ನಾವು ಉಸಿರಾಡುವ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಅಳತೆಯಲ್ಲಿ ಅದು 7. ದಿನವೂ ತೊಡುವ ಉಂಗುರದ ಕಲ್ಲು ಅದಕ್ಕಿಂತ ಗಡುಸಾಗಿರಬೇಕು. ಮಾಣಿಕ್ಯ ಮತ್ತು ನೀಲ 9, ಸ್ಪಿನೆಲ್ 8. ಪಚ್ಚೆ ಗಡುಸಾದರೂ ಒಳಗೆ ಬಿರುಕು ಹೆಚ್ಚು, ಪೆಟ್ಟು ತಾಳದು. ಮುತ್ತು, ಹವಳಗಳಿಗೆ ಬೆವರು, ಹುಳಿ ಆಗದು. ಅಡುಗೆ ಮಾಡುವ ಕೈಗಿಂತ ಅವು ಕೊರಳಿಗೆ ಚೆಂದ.

ಮೂರನೆಯದು ಕಾಗದ. ಹರಳು ನೈಸರ್ಗಿಕವೋ ಕೃತಕವೋ, ಕಾಯಿಸಿದ್ದೋ, ಬಿರುಕಿಗೆ ಏನನ್ನಾದರೂ ತುಂಬಿದ್ದೋ ಎಂಬುದನ್ನು ಪ್ರಯೋಗಾಲಯದಿಂದ ಬರೆಸಿಕೊಳ್ಳಬೇಕು. ಇಂಥ ಪರೀಕ್ಷೆಗೆಂದು ಜೈಪುರದಲ್ಲಿ 1972ರಲ್ಲಿಯೇ ಪ್ರಯೋಗಾಲಯ ಆರಂಭವಾಗಿತ್ತು. ನಮ್ಮ ಮನೆ ಪಾಲಾದ ವರ್ಷವೇ! ಕಾಯಿಸಿ ಬಣ್ಣ ತಿದ್ದುವುದು ಬಹಳ ಹಿಂದಿನಿಂದ ನಡೆದುಬಂದದ್ದು, ತಿಳಿಸಿ ಮಾರಿದರೆ ತಪ್ಪಲ್ಲ. ಆದರೆ 2004ರ ಸುಮಾರಿನಿಂದ, ಬಿರುಕುಬಿಟ್ಟ ಮಾಣಿಕ್ಯಕ್ಕೆ ಸೀಸದ ಗಾಜು ತುಂಬಿದ ಅಗ್ಗದ ಕಲ್ಲುಗಳು ಬಂದಿವೆ. ನಿಂಬೆರಸ ತಾಗಿದರೂ ಸಾಕು, ತುಂಬಿದ ಗಾಜು ಹಾಳಾಗುತ್ತದೆ.

ನಾಲ್ಕನೆಯದಾಗಿ ತೂಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ. ಗುಲಗಂಜಿ, ಮಂಜಾಡಿಗಳ ಕಾಲ ಹೋಯಿತು. ದೊಡ್ಡ ಮಂಕು ಕಲ್ಲಿಗಿಂತ ಚಿಕ್ಕ ಉಜ್ವಲ ಕಲ್ಲು ಮೇಲು. ಕೊನೆಯದಾಗಿ, ಉಂಗುರದ ಹಿಂಬದಿ ತೆರೆದಿರಲಿ. ಬೆಳಕು ಹಾಯಲಿ, ಯಾರು ಬೇಕಾದರೂ ಪರೀಕ್ಷಿಸಲಿ. ರಾಶಿಗೆ ತಕ್ಕ ರತ್ನ ಬೇಕೆನ್ನುವವರೊಡನೆ ನನ್ನ ವಾದವಿಲ್ಲ. ಯಾವ ಗ್ರಹಕ್ಕಾದರೂ ಈ ಪರೀಕ್ಷೆ ತಪ್ಪದು.

ಇಷ್ಟೆಲ್ಲ ಕೇಳಿದ ಮೇಲೆ ಮಗಳು, "ದೊಡ್ಡಪ್ಪ, ಹಾಗಾದರೆ ನನಗೆ ಅಜ್ಜಿಯ ಆ ಕಲ್ಲೇ ಸಾಕು" ಎಂದಳು. ನಾನು ಅತ್ತೆಯ ಮಗಳಲ್ಲಿಗೆ ಹೋಗಿ ಕೇಳಿದೆ. ಅರ್ಧ ಎಕರೆಯ ಲೆಕ್ಕವನ್ನು ನಾವು ಅಣ್ಣತಮ್ಮಂದಿರು ತೀರಿಸುತ್ತೇವೆಂದೂ ಹೇಳಿದೆ. ಅವಳು ಹಣದ ಮಾತನ್ನು ಮುಂದುವರಿಸಲು ಬಿಡಲಿಲ್ಲ. "ಕಲ್ಲು ಕೊಡುತ್ತೇನೆ. ಆದರೆ ಅಮ್ಮನಿಗೆ ಸಿಕ್ಕಿದ್ದು ಏನು ಎಂಬುದು ಎಲ್ಲರಿಗೂ ಗೊತ್ತಾಗಲಿ" ಎಂದಳು. ಲೆಕ್ಕ ತೀರಿತೆಂದು ನಾನು ತಿಳಿದಿಲ್ಲ. ಅದನ್ನು ತಮ್ಮನೊಡನೆ ಕೂತು ಮಾತಾಡುವುದಿದೆ. ಅವಳು ಕೇಳಿದ್ದನ್ನಾದರೂ ಇಂದು ಮಾಡಿದ್ದೇನೆ.

ಆದ್ದರಿಂದ ಬಂಧುಗಳಲ್ಲಿ ನನ್ನ ವಿನಂತಿ: 1972ರ ಪಾಲಿನಲ್ಲಿ ಅತ್ತೆಗೆ ಹೆಚ್ಚು ಹೋಯಿತೆಂಬ ಮಾತನ್ನು ಇನ್ನು ಯಾರೂ ಆಡಬಾರದು. ಅವಳಿಗೆ ಸಿಕ್ಕಿದ್ದು ಕೃತಕ ಕಲ್ಲು, ಸ್ವಲ್ಪ ಚಿನ್ನ. ಹೊಸ ಉಂಗುರ ಮುಂದಿನ ತಿಂಗಳು ಸಿದ್ಧವಾಗುತ್ತದೆ. ಅದರ ಹಿಂಬದಿ ತೆರೆದಿರುತ್ತದೆ. ಕೇಳಿದವರಿಗೆ, ಇದು ಕೃತಕ ಮಾಣಿಕ್ಯ, ನಮ್ಮ ಅಜ್ಜಿಯದು ಎಂದೇ ಹೇಳುವುದಾಗಿ ಮಗಳು ಮಾತು ಕೊಟ್ಟಿದ್ದಾಳೆ.