ಜೇಬಿನಲ್ಲಿರುವ ಫೋನಿನ 8 ಕೋರ್‌ಗಳೂ ಸದಾ ಓಡುತ್ತಲೇ ಇರುತ್ತವೆಯೇ?

"ನಿಮ್ಮ ಫೋನಿನಲ್ಲಿ 8 ಕೋರ್ ಇವೆ. ಫೋನ್ ಜೇಬಿನಲ್ಲಿದ್ದರೂ ಎಂಟೂ ಓಡುತ್ತಾ ಬ್ಯಾಟರಿ ತಿನ್ನುತ್ತವೆ. ಈ ಆ್ಯಪ್ ಹಾಕಿಕೊಂಡು ಬೇಡದ ಕೋರ್‌ಗಳನ್ನು ಬಂದ್ ಮಾಡಿ." ಇಂಥದ್ದೊಂದು ಸಂದೇಶ ನಿಮಗೂ ಬಂದಿರಬಹುದು. ಅದನ್ನು ಮುಂದಕ್ಕೆ ಕಳಿಸುವ ಮೊದಲು ಫೋನಿನೊಳಗೆ ನಿಜಕ್ಕೂ ಏನು ನಡೆಯುತ್ತದೆ ಎಂದು ನೋಡೋಣ.

ಟಿಕ್ ಎಂದರೇನು?

ಪ್ರೊಸೆಸರ್ ಚಿಪ್‌ನಲ್ಲಿ ಲೆಕ್ಕ ಮಾಡುವ ಒಂದೊಂದು ಭಾಗವೇ ಕೋರ್. ಫೋನಿನ ಒಂದು ಕೋರ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುತ್ತದೆ. ಯಾವುದಾದರೂ ಆ್ಯಪ್ ಕೋರನ್ನು ಬಿಟ್ಟುಕೊಡದೆ ಕುಳಿತರೆ ಉಳಿದವಕ್ಕೆ ಸರದಿ ಸಿಗುವುದು ಹೇಗೆ? ಅದಕ್ಕಾಗಿಯೇ ಟೈಮರ್ ಇದೆ. ಶಾಲೆಯಲ್ಲಿ ಪೀರಿಯಡ್ ಮುಗಿದಾಗ ಗಂಟೆ ಬಾರಿಸುವಂತೆ, ಟೈಮರ್ ಆಗಾಗ ಕೋರಿನ ಕೆಲಸವನ್ನು ಅರೆಕ್ಷಣ ತಡೆಯುತ್ತದೆ. ಇದನ್ನು ಟಿಕ್ ಅಥವಾ ಕ್ಲಾಕ್ ಇಂಟರಪ್ಟ್ ಎನ್ನುತ್ತಾರೆ. ಆಗ ಆಪರೇಟಿಂಗ್ ಸಿಸ್ಟಮ್ ಈ ಆ್ಯಪ್ ಎಷ್ಟು ಹೊತ್ತು ಓಡಿದೆ, ಬೇರೆ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ನೋಡಿ, ಬೇಕಿದ್ದರೆ ಸರದಿ ಬದಲಿಸುತ್ತದೆ.

ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸ್. ಅದರಲ್ಲಿ ಸೆಕೆಂಡಿಗೆ 250 ಟಿಕ್, ಅಂದರೆ 4 ಮಿಲಿಸೆಕೆಂಡಿಗೆ ಒಂದು, ಎಂಬುದು ಸಾಮಾನ್ಯ ಲೆಕ್ಕ.

ಎಂಟು ಕೋರ್ ಇದ್ದರೆ?

ಹಳೆಯ ಪಿಸಿಗಳಲ್ಲಿ ಪ್ರೊಸೆಸರ್ ಒಂದೇ, ಈ ಗಂಟೆ ಬಾರಿಸುವ ಟೈಮರ್ ಚಿಪ್ ಕೂಡ ಒಂದೇ. ಈಗ ಪ್ರತಿ ಕೋರಿಗೂ ತನ್ನದೇ ಟೈಮರ್ ಇದೆ. ತನ್ನಲ್ಲಿ ಓಡುತ್ತಿರುವ ಆ್ಯಪ್‌ನ ಸರದಿಯನ್ನು ಆಯಾ ಕೋರ್ ತಾನೇ ನೋಡಿಕೊಳ್ಳುತ್ತದೆ. ಆದರೆ ಇಡೀ ಫೋನಿಗೆ ಸೇರಿದ ಟಿಕ್ ಎಣಿಕೆಯ ಹೊಣೆ ಒಂದು ಹೊತ್ತಿಗೆ ಒಂದೇ ಕೋರಿನದು. ಎಂಟೂ ಸೇರಿ ಎಣಿಸಿದರೆ ಲೆಕ್ಕ ಎಂಟು ಪಟ್ಟು ಓಡಿಬಿಡುತ್ತದೆ! ಆ ಕೋರ್ ನಿದ್ದೆಗೆ ಹೋಗುವಾಗ ಎಚ್ಚರವಿರುವ ಇನ್ನೊಂದು ಕೋರ್ ಹೊಣೆ ವಹಿಸಿಕೊಳ್ಳಬಲ್ಲದು.

ಹಾಗಾದರೆ ಬ್ಯಾಟರಿ?

ಕೆಲಸವಿಲ್ಲದ ಕೋರಿಗೂ ಟಿಕ್ ಬರುತ್ತಲೇ ಇದ್ದರೆ 8 ಕೋರ್‌ಗಳಿಗೆ ಸೆಕೆಂಡಿಗೆ 2,000, ಗಂಟೆಗೆ 72 ಲಕ್ಷ ಟಿಕ್‌ಗಳಾಗುತ್ತವೆ. ಸಂದೇಶದಲ್ಲಿರುವ ಭಯ ಆಗ ನಿಜವಾಗುತ್ತಿತ್ತು. ಆದರೆ ಈ ಸಮಸ್ಯೆಗೆ ಲಿನಕ್ಸ್ 2007ರಲ್ಲೇ, 2.6.21 ಆವೃತ್ತಿಯಲ್ಲಿ, ಪರಿಹಾರ ತಂದಿತು. ಕೋರಿಗೆ ಕೆಲಸವಿಲ್ಲದಿದ್ದರೆ ಅದರ ಟಿಕ್ಕನ್ನೇ ನಿಲ್ಲಿಸಲಾಗುತ್ತದೆ. ಮುಂದಿನ ಕೆಲಸ ಯಾವಾಗ ಎಂದು ನೋಡಿ, ಆ ಹೊತ್ತಿಗೆ ಮಾತ್ರ ಎಬ್ಬಿಸುವಂತೆ ಟೈಮರ್ ಇಟ್ಟು ಕೋರ್ ಮಲಗುತ್ತದೆ. ಖಾಲಿ ತರಗತಿಗೆ ಗಂಟೆ ಬಾರಿಸುವುದಿಲ್ಲ, ಅಷ್ಟೆ. ನಡುವೆ ಕೆಲಸ ಬಂದರೆ ಇನ್ನೊಂದು ಕೋರ್ ಸಂಕೇತ ಕಳಿಸಿ ಅದನ್ನು ಎಬ್ಬಿಸುತ್ತದೆ.

ಇಡೀ ಫೋನೇ ಗಾಢ ನಿದ್ದೆಯಲ್ಲಿರುವಾಗಲೂ ಬೆಳಗಿನ 5 ಗಂಟೆಯ ಅಲಾರಂ ತಪ್ಪದೆ ಹೊಡೆಯುವುದು, ಬಹಳ ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಪ್ರತ್ಯೇಕ ಗಡಿಯಾರವೊಂದು ಫೋನನ್ನು ಎಬ್ಬಿಸುವುದರಿಂದ.

ಆ ಆ್ಯಪ್ ಹಾಕಿದರೆ ಏನಾಗುತ್ತದೆ?

ಪ್ಲೇ ಸ್ಟೋರ್‌ನ ಸಾಮಾನ್ಯ ಆ್ಯಪ್‌ಗೆ ಕೋರ್ ಬಂದ್ ಮಾಡುವ ಅಧಿಕಾರವೇ ಇಲ್ಲ. ಅದು ಹೆಚ್ಚೆಂದರೆ ಬೇರೆ ಆ್ಯಪ್‌ಗಳನ್ನು ಮುಚ್ಚಬಹುದು. ಮತ್ತೆ ತೆರೆಯುವಾಗ ಅವನ್ನು ಮೊದಲಿನಿಂದ ಲೋಡ್ ಮಾಡಬೇಕಾಗುವುದರಿಂದ ಕೆಲಸ ಹೆಚ್ಚುತ್ತದೆ. ಹಿನ್ನೆಲೆಯಲ್ಲಿ ಸದಾ ಕಾವಲು ಕಾಯುವ ಆ್ಯಪ್ ತಾನೇ ಮಲಗಿದ ಕೋರ್‌ಗಳನ್ನು ಎಬ್ಬಿಸುತ್ತಿರುತ್ತದೆ.

ಇನ್ನೂ ಎರಡು ಅಪಾಯಗಳಿವೆ. ಒಂದು, 'ಫೋರ್ಸ್ ಸ್ಟಾಪ್' ಆದ ಆ್ಯಪ್ ಇಟ್ಟಿದ್ದ ಅಲಾರಂಗಳು ರದ್ದಾಗುತ್ತವೆ. ಮನೆಯ ಹಿರಿಯರಿಗೆ ಮಾತ್ರೆ ನೆನಪಿಸುವ ಆ್ಯಪ್ ಅದಾಗಿದ್ದರೆ, ಮತ್ತೆ ತೆರೆಯುವವರೆಗೂ ಅದು ಸದ್ದು ಮಾಡದು. ಎರಡು, ಇಂಥ ಆ್ಯಪ್ 'ಆಕ್ಸೆಸಿಬಿಲಿಟಿ' ಅನುಮತಿ ಕೇಳಿ ನೀವು ಕೊಟ್ಟರೆ, ನಿಮ್ಮ ಪರದೆಯಲ್ಲಿರುವುದನ್ನು ಅದು ಓದಬಲ್ಲದು.

ನಾವು ಹೇಳುವುದಿಷ್ಟೆ

ಸಂದೇಶದ ಮಾತು ತಪ್ಪು. ಕೆಲಸವಿಲ್ಲದ ಕೋರ್‌ಗಳು ತಾವಾಗಿಯೇ ಮಲಗುತ್ತವೆ. ಬ್ಯಾಟರಿ ಬೇಗ ಖಾಲಿಯಾಗುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪಟ್ಟಿ ನೋಡಿ. ಯಾವ ಆ್ಯಪ್ ಹೆಚ್ಚು ತಿನ್ನುತ್ತಿದೆಯೋ ಅದರ ಹಿನ್ನೆಲೆ ಬಳಕೆಯನ್ನು ಮಾತ್ರ ಮಿತಿಗೊಳಿಸಿ. ಆ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದರ ಬದಲು ಇದನ್ನು ಹಂಚಿಕೊಳ್ಳಿ.